ನೈರೋಬಿ ನಮ್ಮೂರಿಗಿಂತ ಹತ್ತಿರ

ಮನೆಯ ಮೇಲೆ ವಿಮಾನ ಹಾದುಹೋಗುವಾಗ ನಮ್ಮಪ್ಪ ಮಾತು ನಿಲ್ಲಿಸುತ್ತಾರೆ. ವಾಕ್ಯದ ಕೊನೆಗಲ್ಲ, ಶಬ್ದದ ಕೊನೆಗೂ ಅಲ್ಲ. ನಾಲಿಗೆ ಯಾವ ಅಕ್ಷರದ ಮೇಲಿದೆಯೋ ಅಲ್ಲೇ. ಬಾಯಿ ಅರ್ಧ ತೆರೆದಿರುತ್ತದೆ, ಚಹಾದ ಲೋಟ ಗಾಳಿಯಲ್ಲಿರುತ್ತದೆ. ಸದ್ದು ದೂರವಾದ ಮೇಲೆ ಬಿಟ್ಟ ಅಕ್ಷರದಿಂದಲೇ ಮತ್ತೆ ಶುರು. "ಟೊಮ್ಯಾ..." ಅಂದು ನಿಂತವರು ಅರ್ಧ ನಿಮಿಷದ ಮೇಲೆ "...ಟೋ ತುಟ್ಟಿ ಆಗ್ಯಾವ" ಅನ್ನುತ್ತಾರೆ. ನಮ್ಮದು ಸಾಂತಾಕ್ರೂಜ್ ಪೂರ್ವ, ನಾಲ್ಕನೇ ಮಾಳಿಗೆ, ವಿಮಾನಗಳು ಹೊಟ್ಟೆ ತೋರಿಸಿಕೊಂಡು ಹೋಗುವ ದಾರಿ. ಹಾಗಾಗಿ ಅಪ್ಪನ ಮಾತು ಯಾವಾಗಲೂ ಕಂತಿನಲ್ಲೇ ಬರುತ್ತದೆ.

ತಮಾಷೆ ಅದಲ್ಲ. ಫೋನಿನಲ್ಲಿ ಅಪ್ಪ ಹೀಗೆ ನಿಂತರೆ, ಆ ಕಡೆ ನೈರೋಬಿಯಲ್ಲಿ ಅವ್ವನೂ ನಿಲ್ಲುತ್ತಾಳೆ. ಅಲ್ಲಿ ಅವಳ ತಲೆಯ ಮೇಲೆ ಯಾವ ವಿಮಾನವೂ ಇಲ್ಲ. ಪಕ್ಕದಲ್ಲಿದ್ದವರು "ನೆಟ್‌ವರ್ಕ್ ಹೋಯ್ತಾ?" ಅಂತ ಕೇಳಿದರೆ, "ಇಲ್ಲ, ನಮ್ಮ ಮನಿ ಮ್ಯಾಲೆ ವಿಮಾನ ಹೊಂಟೈತಿ, ತಡೀರಿ" ಅನ್ನುತ್ತಾಳೆ.

ಸಂಸಾರ ಎರಡು ಊರಲ್ಲಿ ಹಂಚಿಹೋದ ಮನೆಯಲ್ಲಿ ಇಂಥವು ವಾರಕ್ಕೊಂದಾದರೂ ನಡೆಯುತ್ತವೆ. ಬರೆದಿಟ್ಟುಕೊಳ್ಳದಿದ್ದರೆ ಮುಂದಿನ ವಾರದ್ದು ಬಂದು ಹಿಂದಿನದನ್ನು ಅಳಿಸಿಬಿಡುತ್ತದೆ.

ಅವ್ವ ನೈರೋಬಿಗೆ ಹೋದದ್ದು ಅಡುಗೆಗೆ. ಇಲ್ಲೇ ಸಾಂತಾಕ್ರೂಜ್ ಪಶ್ಚಿಮದ ಒಂದು ಗುಜರಾತಿ ಮನೆಯಲ್ಲಿ ಹದಿನೈದು ವರ್ಷ ಅಡುಗೆ ಮಾಡಿದಳು. ಆ ಮನೆಯ ಮುದುಕಿಯನ್ನು ಎಲ್ಲರೂ 'ಬಾ' ಅನ್ನುತ್ತಾರೆ. ಅವರ ಭಾಷೆಯಲ್ಲಿ ಅಮ್ಮ ಅಂತ. ಬಾ ಅವರ ಮಗ ನೈರೋಬಿಯಲ್ಲಿದ್ದಾರೆ. ತಾಯಿಯನ್ನು ಅಲ್ಲಿಗೆ ಕರೆದೊಯ್ಯುತ್ತೇನೆಂದಾಗ ಬಾ ಹಟ ಹಿಡಿದರಂತೆ: ಬೇರೆಯವರ ಕೈಯ ರೋಟ್ಲಿ ನನಗೆ ಗಂಟಲಲ್ಲಿ ಇಳಿಯುವುದಿಲ್ಲ, ಅವಳು ಬಂದರೆ ಬರುತ್ತೇನೆ. ಅವ್ವನಿಗೆ ಆಗ ನಲವತ್ತಾರು. ಮನೆಗೆ ಬಂದು, "ನನ್ನ ಹೆಸರು ಹಿಡಿದು ಕೇಳ್ಯಾರ" ಅಂದಳು. ಅವಳ ಮುಖ ನೋಡಿ ಅಪ್ಪ ಬೇಡ ಅನ್ನಲಿಲ್ಲ. ಎರಡು ವರ್ಷದ ಕರಾರು. ಈ ತಿಂಗಳ ಕೊನೆಗೆ ಎರಡು ವರ್ಷ ಮುಗಿಯುತ್ತದೆ. ಆಮೇಲೆ ಬರುತ್ತಾಳೋ ಇಲ್ಲವೋ ಅನ್ನುವುದೊಂದನ್ನು ಬಿಟ್ಟು ನಮ್ಮ ಮನೆಯಲ್ಲಿ ಈಗ ಎಲ್ಲದರ ಬಗ್ಗೆಯೂ ಮಾತಾಗುತ್ತದೆ.

೧. ಒಂದು ಹೊತ್ತಿನ ಬುತ್ತಿ

ಅವ್ವ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದಿಲ್ಲ, ಬುತ್ತಿಯಲ್ಲಿ ಅಳೆಯುತ್ತಾಳೆ. ವಿಜಯಪುರದ ಆಚೆಗಿನ ನಮ್ಮೂರು ಎರಡು ಹೊತ್ತಿನ ಬುತ್ತಿಯಷ್ಟು ದೂರ. ಬಸ್ಸಿನಲ್ಲಿ ಹದಿನಾಲ್ಕು ತಾಸು.

"ನೈರೋಬಿ ಎಷ್ಟು ದೂರ ಐತವಾ?" ಅಂತ ಹೊರಡುವ ಮುಂಚೆ ನನ್ನನ್ನು ಕೇಳಿದಳು.

"ನಾಲ್ಕೂವರೆ ಸಾವಿರ ಕಿಲೋಮೀಟರ್."

ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. "ಎಷ್ಟು ತಾಸು ಹೇಳು."

"ಆರು."

"ಆರ?" ಅವ್ವ ನಿಜಕ್ಕೂ ಬೇಜಾರಾದಳು. ಅಷ್ಟು ಜನರಿಗೆ ವಿದೇಶ, ವಿದೇಶ ಅಂತ ಹೇಳಿಕೊಂಡು ತಿರುಗಿದ್ದಳು. "ಹಂಗಾರ ಒಂದ ಹೊತ್ತಿನ ಬುತ್ತಿ ಸಾಕು."

ಅಪ್ಪನಿಗೆ ಮಾತ್ರ ಆ ಲೆಕ್ಕ ಕೇಳಿ ಜೀವ ಬಂತು. "ನಮ್ಮೂರಿಗಿಂತ ಹತ್ತಿರ ಐತಲ್ಲ!" ಅಂದರು. ಬಿಲ್ಡಿಂಗಿನ ವಾಚ್‌ಮನ್‌ಗೆ, ಹಾಲಿನವನಿಗೆ, ಬಸ್‌ಸ್ಟಾಪಿನಲ್ಲಿ ಪರಿಚಯವೇ ಇಲ್ಲದವರಿಗೆ ಹೇಳಿದರು: ನಾವು ಊರಿಗೆ ಹೋಗಿ ಬರುವುದರೊಳಗೆ ಅಕಿ ಎರಡು ಸಲ ಬಂದು ಹೋಗಬಹುದು. ಈ ಎರಡು ವರ್ಷದಲ್ಲಿ ಅವ್ವ ಒಂದು ಸಲವೂ ಬಂದಿಲ್ಲ. ಅಪ್ಪ ಈಗಲೂ ಹಾಗೇ ಹೇಳುತ್ತಾರೆ.

ಒಂದು ಹೊತ್ತಿನ ಬುತ್ತಿ ಅಂದರೆ ನಲವತ್ತು ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ. ವಿಮಾನದಲ್ಲಿ ಊಟ ಕೊಟ್ಟು, ಎಲ್ಲರೂ ತಿಂದು, ದೀಪ ಸಣ್ಣಗೆ ಮಾಡಿದ ಮೇಲೆ ಅವ್ವನಿಗೆ ನಿಜವಾದ ಹಸಿವಾಯಿತಂತೆ. ಬಾ ಕಿಟಕಿಯ ಪಕ್ಕ ಮಲಗಿದ್ದರು. ಅವ್ವ ಗಂಟು ಬಿಚ್ಚಿ, ಒಂದು ರೊಟ್ಟಿ ತೆಗೆದು ಮುರಿದಳು.

ಖಡಕ್ ರೊಟ್ಟಿ ಮುರಿಯುವ ಸದ್ದು ನಮ್ಮ ಮನೆಯಲ್ಲಿ ಯಾರಿಗೂ ಕೇಳಿಸುವುದಿಲ್ಲ. ಮಾತೆಲ್ಲ ನಿಂತ ವಿಮಾನದಲ್ಲಿ ಅದು ಏನೋ ತುಂಡಾದ ಹಾಗೆ ಕೇಳಿಸಿತಂತೆ. ಮುಂದಿನ ಸೀಟಿನವರು ತಿರುಗಿದರು. ಅವ್ವ ಇನ್ನೊಂದು ತುಂಡು ಮುರಿದಳು. ಅವರು ಬೆಲ್ ಒತ್ತಿದರು. ಗಗನಸಖಿ ಬಂದು ಮೇಲಿನ ಪೆಟ್ಟಿಗೆ ತೆರೆದು ನೋಡಿದಳು, ಕಿಟಕಿ ಮುಟ್ಟಿ ನೋಡಿದಳು, ಇನ್ನೊಬ್ಬಳನ್ನು ಕರೆದಳು. ಅವ್ವ ಹೆದರಿ, ಬಾಯಲ್ಲಿದ್ದ ತುಂಡನ್ನು ಕಚ್ಚದೆ ಹಾಗೇ ಹಿಡಿದುಕೊಂಡು ಕೂತಳು. ಕೊನೆಗೆ ಬಾ ಎಚ್ಚರಾಗಿ, "ಅರೇ, ಏ ತೋ ರೋಟಲೋ ಛೇ!" ಅಂದು, ಅದು ರೊಟ್ಟಿ ಅಂತ ಎಲ್ಲರಿಗೂ ತಿಳಿದ ಮೇಲೆಯೇ ತನಿಖೆ ಮುಗಿದದ್ದು. ಆ ಹುಡುಗಿ ನಕ್ಕು, ಒಂದು ರೊಟ್ಟಿ ಕೇಳಿ ತೆಗೆದುಕೊಂಡು ಮುಂದಕ್ಕೆ ಹೋದಳಂತೆ.

"ಡ್ರೈವರಗೂ ಕೊಟ್ಟಿರಬೇಕು ನೋಡವಾ," ಅಂದಳು ಅವ್ವ ಮರುದಿನ ಫೋನಿನಲ್ಲಿ. "ಅದರ ಹಿಂದ ವಿಮಾನ ಭಾಳ ಸಮ ಹೋತು."

೨. ಎರಡು ನಿಮಿಷದ ವಿಕ್ರೋಳಿ

ನಾನು ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದವಳು. ಮೂರು ಭಾಷೆ ಬರುತ್ತದೆ, ಮೂರರಲ್ಲೂ ಸುಮ್ಮನಿರುತ್ತೇನೆ. ಹಾಗಾಗಿ ಬಾಯಿ ಬೇಕಿಲ್ಲದ ಕೆಲಸ ಹುಡುಕಿಕೊಂಡೆ. ಅಂಧೇರಿಯಲ್ಲಿ ಏಳು ಜನರ ಒಂದು ಸಣ್ಣ ಆಫೀಸು. ಯಾವುದೇ ಎರಡು ಊರುಗಳ ನಡುವೆ ವಿಮಾನದ ದೂರ ಎಷ್ಟು, ಸಮಯ ಎಷ್ಟು ಅಂತ ಹೇಳುವ ವೆಬ್‌ಸೈಟು. ಊರುಗಳ ಜೋಡಿಯನ್ನು ಕಂಪ್ಯೂಟರ್ ಕೊಡುತ್ತದೆ, ನಾವು ಮುನ್ನೂರು ಶಬ್ದಗಳ ಪುಟ ಬರೆಯುತ್ತೇವೆ. ದೂರ ಎಷ್ಟೇ ಇರಲಿ, ಶಬ್ದ ಮುನ್ನೂರು.

ಒಂದು ದಿನ ಕಂಪ್ಯೂಟರ್ ನನಗೆ ಕೊಟ್ಟ ಜೋಡಿ: ಸಾಂತಾಕ್ರೂಜ್–ವಿಕ್ರೋಳಿ.

ಇದು ತಪ್ಪು ಅಂತ ಮ್ಯಾನೇಜರ್ ಸರ್‌ಗೆ ಹೇಳಬೇಕಿತ್ತು. ಹೇಳಬೇಕಾದರೆ ಎದ್ದು ಅವರ ಟೇಬಲ್ಲಿಗೆ ಹೋಗಬೇಕು, ಅವರು ಕಿವಿಯಿಂದ ಇಯರ್‌ಫೋನ್ ತೆಗೆಯುವವರೆಗೆ ನಿಲ್ಲಬೇಕು, ಆಮೇಲೆ ಆರು ಜನ ನನ್ನ ಕಡೆ ನೋಡುತ್ತಾರೆ. ಅದಕ್ಕಿಂತ ಮುನ್ನೂರು ಶಬ್ದ ಬರೆಯುವುದು ಸುಲಭ. ಬರೆದೆ. ವಿಮಾನದ ದೂರ ಸುಮಾರು ಒಂಬತ್ತು ಕಿಲೋಮೀಟರ್. ಹಾರಾಟದ ಸಮಯ ಸುಮಾರು ಎರಡು ನಿಮಿಷ. ಕಿಟಕಿ ಪಕ್ಕದ ಸೀಟು ಸಿಕ್ಕರೆ ದಾರಿಯಲ್ಲಿ ಕುರ್ಲಾ ನೋಡಬಹುದು. ಪ್ರಯಾಣಿಕರು ಮೂರು ತಾಸು ಮೊದಲೇ ನಿಲ್ದಾಣ ತಲುಪುವುದು ಒಳಿತು. ಸರ್ ಓದಿ, "ವೆರಿ ಗುಡ್, ಕ್ಲಿಯರ್ ಹೈ" ಅಂದು ಪಾಸ್ ಮಾಡಿದರು.

ಅಪ್ಪ ಕೆಲಸ ಮಾಡುವುದು ವಿಕ್ರೋಳಿಯಲ್ಲೇ, ಒಂದು ಕಾರ್ಖಾನೆಯ ಸ್ಟೋರಿನಲ್ಲಿ. ಕುರ್ಲಾವರೆಗೆ ಬಸ್ಸು, ಅಲ್ಲಿಂದ ಲೋಕಲ್, ಆಮೇಲೆ ನಡಿಗೆ. ದಿನಾ ಒಂದೂವರೆ ತಾಸು. ನನ್ನ ಪುಟವನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು.

"ಮೂರು ತಾಸು ಮೊದಲ ಹೋಗಿ ಕುಂದ್ರಬೇಕು, ಎರಡು ನಿಮಿಷ ಹಾರಬೇಕು," ಅಂದರು. "ಬಸ್ಸ ಲಗೂ ಮುಟ್ಟತೈತಿ ಬಿಡು."

ಆದರೂ ಹೆಮ್ಮೆಯಿಂದ ಸ್ಟೋರಿನಲ್ಲಿ ಎಲ್ಲರಿಗೂ ಕಳಿಸಿದರು. ಮರುದಿನ ಒಂದು ತಾಸು ತಡವಾಗಿ ಬಂದವನೊಬ್ಬ ತನ್ನ ಸಾಹೇಬರಿಗೆ ನನ್ನ ಪುಟ ತೋರಿಸಿ, "ಫ್ಲೈಟ್ ಮಿಸ್ ಹೋ ಗಯಾ ಸರ್" ಅಂದನಂತೆ.

೩. ಆಂಟಿ ಸರಿ ಮಾಡಿದ ವಾಚು

ನೈರೋಬಿ ನಮಗಿಂತ ಎರಡೂವರೆ ತಾಸು ಹಿಂದೆ. ಅವ್ವ ಹೋದ ಮರುದಿನವೇ ಅಪ್ಪ ತಮ್ಮ ಕೈಗಡಿಯಾರವನ್ನು ಎರಡೂವರೆ ತಾಸು ಹಿಂದಕ್ಕೆ ತಿರುಗಿಸಿದರು. ಯಾರಿಗೂ ಹೇಳಲಿಲ್ಲ. ಮೂರನೇ ದಿನ ನಾನೇ ಗಮನಿಸಿದೆ. ನಾನೂ ಏನೂ ಹೇಳಲಿಲ್ಲ. ಮುಂಬೈಯ ಸಮಯ ಜೇಬಿನಲ್ಲಿರುವ ಫೋನಿನಲ್ಲಿ, ನೈರೋಬಿಯ ಸಮಯ ಮಣಿಕಟ್ಟಿನ ಮೇಲೆ; ಹೀಗೆ ನಡೆದಿತ್ತು.

ನಮ್ಮ ಮಾಳಿಗೆಯಲ್ಲೇ ಉಡುಪಿ ಕಡೆಯ ಒಬ್ಬರು ಆಂಟಿ ಇದ್ದಾರೆ. ಅವ್ವ ಹೋದ ಮೇಲೆ ಭಾನುವಾರ ಬೆಳಿಗ್ಗೆ, ದೇವಸ್ಥಾನಕ್ಕೆ ಹೊರಡುವ ಮುಂಚೆ, ನಮಗೆ ನೀರುದೋಸೆ ಕೊಟ್ಟು ಹೋಗುತ್ತಾರೆ. ಮಳೆಗಾಲದ ಒಂದು ಭಾನುವಾರ ಅಪ್ಪ ಇನ್ನೂ ಮಲಗಿದ್ದಾಗ ಬಂದರು. ಕಿಟಕಿಯ ಮೇಲಿದ್ದ ವಾಚು ಅವರ ಕಣ್ಣಿಗೆ ಬಿತ್ತು.

"ಎಂತ ಮಾರಾಯ್ತಿ, ಅಪ್ಪನ ವಾಚು ಇಷ್ಟು ಸ್ಲೋ! ಗಂಡಸರು ಒಬ್ಬರೇ ಆದ್ರೆ ಹೀಗೇ ನೋಡು," ಅಂದವರು ಅಲ್ಲೇ ನಿಂತು ತಿರುಗಿಸಿ ಸರಿ ಮಾಡಿದರು.

ಬೇಡ ಆಂಟಿ, ಅದು ತಪ್ಪಲ್ಲ, ಅದು ನೈರೋಬಿ. ಇಷ್ಟು ಹೇಳಬೇಕಿತ್ತು. ನನ್ನ ತಲೆಯಲ್ಲಿ ವಾಕ್ಯ ತಯಾರಾಗುವಷ್ಟರಲ್ಲಿ ಆಂಟಿ ಲಿಫ್ಟಿನಲ್ಲಿದ್ದರು.

ಅಪ್ಪ ಎದ್ದರು. ಹೊರಗೆ ಮೋಡ; ಬೆಳಕು ನೋಡಿ ಗಂಟೆ ಹೇಳುವಂತಿರಲಿಲ್ಲ. ವಾಚಿನಲ್ಲಿ ಆರೂವರೆ. "ಅಯ್ಯ! ಅಲ್ಲಿ ಆರೂವರಿ ಅಂದ್ರ ಇಲ್ಲಿ ಒಂಬತ್ತು! ಇಷ್ಟೊತ್ತು ಮಲಗಿಬಿಟ್ನೆಲ್ಲ!" ಅಂತ ಗಾಬರಿಯಿಂದ ಫೋನ್ ತೆಗೆದರು. ಭಾನುವಾರ ನೈರೋಬಿಯ ಆರೂವರೆ, ಬಾ ಏಳುವ ಮುಂಚೆ, ಅವರಿಬ್ಬರು ಮಾತಾಡುವ ಹೊತ್ತು. ನಾನು ಬಚ್ಚಲಿನಿಂದ ಓಡಿ ಬರುವಷ್ಟರಲ್ಲಿ ಅಲ್ಲಿ ರಿಂಗ್ ಆಗಿಬಿಟ್ಟಿತ್ತು. ಅಲ್ಲಿ ಬೆಳಗಿನ ಜಾವ ನಾಲ್ಕು.

"ಏನಾತ್ರಿ? ಯಾರಿಗೇನಾತು? ಹುಡುಗಿ ಎಲ್ಲದಾಳ?" ಅವ್ವನ ದನಿ ಇಡೀ ಕೋಣೆಗೆ ಕೇಳಿಸಿತು.

ಅಪ್ಪ ಫೋನನ್ನು ಕಿವಿಯಿಂದ ತೆಗೆದು ಅದರಲ್ಲಿನ ಸಮಯ ನೋಡಿದರು. ಕೈಯ ವಾಚು ನೋಡಿದರು. ಎಲ್ಲ ತಿಳಿಯಿತು. ಆದರೆ ಈಗ ಏನು ಹೇಳುವುದು? ಎಂದಿನದನ್ನೇ ಹೇಳಿದರು.

"ಏನಿಲ್ಲ. ಊಟ ಆತೇನು?"

ಬೆಳಗಿನ ನಾಲ್ಕು ಗಂಟೆ.

"ಆತ್ರಿ," ಅಂದಳು ಅವ್ವ. "ನಿಮ್ದು?"

"ನಮ್ದೂ ಆತು."

ಆಮೇಲೆ ಇಬ್ಬರೂ ಫೋನ್ ಇಡಲಿಲ್ಲ. ಬಾ ಏಳುವುದಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು, ಕರೆಯುವವರು ಯಾರೂ ಇರಲಿಲ್ಲ. ಮುಕ್ಕಾಲು ತಾಸು ಮಾತಾಡಿದರು. ಏನು ಮಾತಾಡಿದರು ಅಂತ ಕೇಳಿದರೆ ನನಗೂ ಹೇಳಲಿಕ್ಕೆ ಬರುವುದಿಲ್ಲ. ಹೀರೆಕಾಯಿ, ಹಳೆ ಬಿಲ್ಡಿಂಗಿನ ನಲ್ಲಿ, ಯಾರದೋ ಮದುವೆಯಲ್ಲಿ ಕಳೆದ ಚಪ್ಪಲಿ. ಎರಡು ವರ್ಷದಲ್ಲಿ ಅವರು ಅಷ್ಟುದ್ದ ಮಾತಾಡಿದ್ದು ಅದೊಂದೇ ಸಲ.

ಮುಂದಿನ ಶನಿವಾರ ಮಲಗುವ ಮುಂಚೆ ಅಪ್ಪ, ಮತ್ತೆ ನೈರೋಬಿಗೆ ತಿರುಗಿಸಿದ್ದ ವಾಚನ್ನು ಕಿಟಕಿಯ ಮೇಲಿಡಲಿಲ್ಲ. ಆಂಟಿಗೆ ಎದ್ದು ಕಾಣುವ ಹಾಗೆ ಮೇಜಿನ ನಟ್ಟನಡುವೆ ಇಟ್ಟರು.

೪. ಕೀನ್ಯಾದ ಕನ್ನಡಿಗರು

ಕೆಲವು ತಿಂಗಳ ಹಿಂದೆ ಸರ್ ನಮ್ಮ ಸೈಟನ್ನು ಬೇರೆ ಭಾಷೆಗಳಲ್ಲೂ ಮಾಡೋಣ ಅಂದರು. "ಕನ್ನಡ ಕಿಸ್ ಕೋ ಆತಾ ಹೈ?" ನಾನು ಕೈ ಎತ್ತಲಿಲ್ಲ. ನನ್ನ ಅರ್ಜಿಯಲ್ಲಿ ಬರೆದದ್ದನ್ನು ಅವರೇ ಹುಡುಕಿ ತೆಗೆದರು. ಚಿಕ್ಕಂದಿನಲ್ಲಿ ಪ್ರತಿ ಭಾನುವಾರ ಅಪ್ಪ ಎದುರು ಕೂರಿಸಿಕೊಂಡು ಓದು ಬರಹ ಕಲಿಸಿದ್ದರು. ಮಾತಾಡುವಾಗ ತಡವರಿಸುತ್ತೇನೆ, ಬರೆಯುವಾಗ ಯಾರೂ ಎದುರಿಗೆ ಇರುವುದಿಲ್ಲವಲ್ಲ.

ಮೊದಲ ಪುಟ ಮುಂಬೈ–ನೈರೋಬಿ. ಕಂಪ್ಯೂಟರ್ ಕೊಟ್ಟದ್ದಲ್ಲ, ನಾನೇ ಆರಿಸಿಕೊಂಡದ್ದು. ದೂರ ಬರೆದೆ, ಆರು ತಾಸು ಬರೆದೆ. ಅಲ್ಲಿ ಬೆಳಿಗ್ಗೆ ಚಳಿ ಇರುತ್ತದೆ, ಸ್ವೆಟರ್ ಇರಲಿ ಎಂದು ಬರೆದೆ. ಪ್ರಯಾಣದಲ್ಲಿ ತಾಸಿಗೊಮ್ಮೆ ಒಂದು ಲೋಟ ನೀರು ಕುಡಿಯಿರಿ ಎಂದು ಬರೆದೆ. ಲಿಂಕನ್ನು ಅವ್ವನಿಗೆ ಕಳಿಸಿದೆ.

ಹದಿನೈದು ದಿನದ ಮೇಲೆ ಮೀಟಿಂಗು. ಸರ್ ಗೋಡೆಯ ಮೇಲೆ ಗ್ರಾಫ್ ತೋರಿಸಿದರು. "ಲುಕ್ ಅಟ್ ಕೀನ್ಯಾ! ಒಂದು ಕನ್ನಡ ಪುಟ, ದಿನಕ್ಕೆ ಇಪ್ಪತ್ತು ವಿಸಿಟ್! ಕೀನ್ಯಾದಲ್ಲಿ ಕನ್ನಡದವರ ಇಷ್ಟು ದೊಡ್ಡ ಕಮ್ಯುನಿಟಿ ಇದೆ, ಕಿಸೀ ಕೋ ಪತಾ ಹೀ ನಹೀ ಥಾ!"

ಆ ಕಮ್ಯುನಿಟಿ ಎಷ್ಟು ದೊಡ್ಡದೆಂದು ನನಗೆ ಗೊತ್ತಿತ್ತು. ಐದು ಅಡಿ ಒಂದು ಇಂಚು. ಆ ವಾರ ನನ್ನ ಕೈಯಲ್ಲಿ ನೈರೋಬಿ–ಹುಬ್ಬಳ್ಳಿ, ನೈರೋಬಿ–ಬೆಳಗಾವಿ, ನೈರೋಬಿ–ಕಲಬುರಗಿ ಬರೆಸಿದರು. ಕಮ್ಯುನಿಟಿ ಅವನ್ನೂ ಬಿಡದೆ ಓದಿತು.

"ಅಷ್ಟು ಸಲ ಏನು ಓದ್ತೀ ಅವ್ವ? ಅದರಲ್ಲಿ ಏನಿದೆ?" ಅಂತ ಕೇಳಿದೆ.

"ನೀ ಬಾಜೂಕ ಕುಂತು ಹೇಳಿದಂಗ ಆಗತೈತಿ," ಅಂದಳು. ನಾನು ಪಕ್ಕದಲ್ಲಿ ಕುಳಿತು ಯಾರಿಗೂ ಮುನ್ನೂರು ಶಬ್ದ ಹೇಳಿದವಳಲ್ಲ.

ಓದುವುದಷ್ಟೇ ಅಲ್ಲ, ಅವ್ವ ಪುಟವನ್ನು ಪಾಲಿಸುತ್ತಾಳೆ. ಪ್ರಯಾಣದಲ್ಲಿ ಅಂತ ಬರೆದದ್ದನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ತಾನೂ ತಾಸಿಗೊಂದು ಲೋಟ ಕುಡಿಯುತ್ತಾಳೆ, ಬಾ ಅವರಿಗೂ ಕುಡಿಸುತ್ತಾಳೆ. ಬೇಡ ಅಂದರೆ ಫೋನ್ ತೆಗೆದು ತೋರಿಸುತ್ತಾಳೆ: "ಪುಟದಾಗ ಬರದೈತಿ." ಒಂದು ದಿನ ವೀಡಿಯೊ ಕಾಲ್ ನಡುವೆ ಬಾ ಅವ್ವನ ಕೈಯಿಂದ ಫೋನ್ ಕಿತ್ತುಕೊಂಡು, ಕ್ಯಾಮೆರಾಕ್ಕೆ ಮೂಗು ಹಚ್ಚಿ, ಗುಟ್ಟಾಗಿ ಬೇಡಿಕೊಂಡರು: ಮಗಳೇ, ಆ ನೀರಿನ ಸಾಲೊಂದು ತೆಗೆದುಬಿಡು, ನನಗೆ ಬಚ್ಚಲಿನಿಂದ ಹೊರಗೆ ಬರಲಿಕ್ಕೇ ಆಗುತ್ತಿಲ್ಲ.

೫. ಪ್ರಶ್ನೆಯ ಡಬ್ಬಿ

ನಮ್ಮ ಪ್ರತಿ ಪುಟದ ಕೆಳಗೆ ಒಂದು ಡಬ್ಬಿ ಇದೆ: ನಿಮ್ಮ ಪ್ರಶ್ನೆ ಕೇಳಿ. ಯಾರಾದರೂ ಕೇಳಿದರೆ ನಾವು ಒಂದು ದಿನದೊಳಗೆ ಉತ್ತರಿಸಬೇಕು, ಅದು ಸರ್ ಅವರ ನಿಯಮ. ಉತ್ತರ ಕೊಟ್ಟ ಮೇಲೆ ಪ್ರಶ್ನೆ, ಉತ್ತರ ಎರಡೂ ಪುಟದ ಮೇಲೆ ಎಲ್ಲರಿಗೂ ಕಾಣಿಸುತ್ತವೆ. ಅಲ್ಲಿಯವರೆಗೆ ಕಾಣಿಸುವುದಿಲ್ಲ.

ದುಬೈಗೆ ಹೋಗುವ ವಿಮಾನ ಚಹಾಕ್ಕೆ ಎಲ್ಲಿ ನಿಲ್ಲಿಸುತ್ತದೆ ಅಂತ ಒಬ್ಬರು ಕೇಳಿದ್ದರು. ಟೊರಾಂಟೊಗೆ ಸ್ಲೀಪರ್ ಕೋಚ್ ಇದೆಯೇ, ಕೆಳಗಿನ ಬರ್ತ್ ಸಿಗುತ್ತದೆಯೇ ಅಂತ ಇನ್ನೊಬ್ಬರು. ಇದಕ್ಕೆಲ್ಲ ನಾನು ನಗದೆ ಉತ್ತರ ಬರೆಯುತ್ತೇನೆ. ಮೊದಲ ಸಲ ಹೋಗುವವರಿಗೆ ಯಾರಾದರೂ ಹೇಳಬೇಕಲ್ಲ.

ಲಂಡನ್–ಮುಂಬೈ ಪುಟದ ಕೆಳಗೆ ಒಬ್ಬ ಹೆಂಗಸು ಬರೆದಿದ್ದರು: "ಒಂಬತ್ತು ತಾಸು ಅಂತ ಕೊಟ್ಟಿದ್ದೀರಿ. ಅತ್ತೆ ಬರುತ್ತಿದ್ದಾರೆ. ಅತಿ ಹೆಚ್ಚೆಂದರೆ ಎಷ್ಟು ದಿನ ತಡವಾಗಬಹುದು?"

೬. ನೀವು ಹೇಳ್ರಿ

ಹೋದ ಭಾನುವಾರ ಅವ್ವ ಹೀರೆಕಾಯಿಯ ಮಾತಿನ ನಡುವೆ ಸೇರಿಸಿ ಹೇಳಿದಳು: "ಬಾ ಇನ್ನೆರಡು ವರ್ಷ ಇರು ಅನ್ನಾಕ ಹತ್ಯಾರ. ಶನಿವಾರ ಹೇಳ್ತೀನಿ ಅಂದೀನಿ. ಏನ್ ಮಾಡ್ಲಿ? ನೀವು ಹೇಳ್ರಿ."

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಗೋಡೆ ನೋಡಿದರು.

"ನಿಂಗ ಹೆಂಗ ತಿಳೀತೈತೋ ಹಂಗ ಮಾಡು," ಅಂದರು.

"ನಂಗೇನು ತಿಳೀತೈತ್ರಿ? ನೀವು ಹೇಳ್ರಿ."

"ಅಲ್ಲಿ ಹವಾ ಹೆಂಗೈತಿ?"

"ಛಲೋ ಐತ್ರಿ. ನಿಮ್ಮಲ್ಲಿ?"

"ಇಲ್ಲೂ ಛಲೋ ಐತಿ."

ಮುಂಬೈಯಲ್ಲಿ ಅವತ್ತು ಬೆವರಿನಿಂದ ಗೋಡೆಯ ಕ್ಯಾಲೆಂಡರೂ ಮುದುಡಿತ್ತು.

ಸೋಮವಾರ ಅವ್ವ ನನಗೆ ಮಾತ್ರ ಫೋನ್ ಮಾಡಿದಳು. "ನಿಮ್ಮಪ್ಪ 'ಮನೀಗೆ ಬಾ' ಅಂತ ಒಂದ ಮಾತು ಅಂದ್ರ ನಾಳೆ ಹೊಂಟ ಬಿಡ್ತೀನಿ. ಆದ್ರ ನಾ ಬಾಯಿಬಿಟ್ಟು ಕೇಳಾಂಗಿಲ್ಲ. ಅವರಿಗೆ ಬ್ಯಾಡಾದ್ರ?" ಮಂಗಳವಾರ ಅಪ್ಪ ರೊಟ್ಟಿ ತಟ್ಟುತ್ತ, ಹಿಟ್ಟಿಗೆ ಹೇಳಿದ ಹಾಗೆ ಹೇಳಿದರು, "ಅಕಿ ಅಲ್ಲಿ ಸುಖದಾಗ ಅದಾಳ. ಮುಖ ತುಂಬಿಕೊಂಡೈತಿ. ನಾ ಕರದ್ರ ಬಲವಂತ ಮಾಡಿದಂಗ ಆಗತೈತಿ."

ಅದು ಸುಳ್ಳಲ್ಲ. ಅವ್ವನ ಮುಖ ತುಂಬಿಕೊಂಡಿದೆ. ಹಿತ್ತಲಲ್ಲಿ ಮೆಂತೆ ಬೆಳೆದಿದ್ದಾಳೆ, ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂರುತ್ತಾಳೆ. ಅದನ್ನು ನಾನೂ ನೋಡಿದ್ದೇನೆ. ನೋಡಿದ್ದರಿಂದಲೇ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸಲು ನನಗೂ ಧೈರ್ಯವಾಗಲಿಲ್ಲ. ಒಂದು ಮನೆ, ಮೂರು ಜನ, ಮೂವರೂ ಮರ್ಯಾದಸ್ಥರು. ಒಬ್ಬರಾದರೂ ಗಂಟಲು ದೊಡ್ಡದಿದ್ದವರು ಹುಟ್ಟಬೇಕಿತ್ತು.

೭. ಅರ್ಜಿ

ನಿನ್ನೆ, ಬುಧವಾರ, ಸರ್ ನನ್ನ ಟೇಬಲ್ಲಿಗೇ ಬಂದರು. "ನಿನ್ನ ನೈರೋಬಿ ಪುಟಕ್ಕೆ ಪ್ರಶ್ನೆ ಬಂದಿದೆ. ಇದು ಕನ್ನಡವೇ ತಾನೇ? ಎಷ್ಟು ಉದ್ದ ಇದೆ ನೋಡು. ಕಮ್ಯುನಿಟಿ ಇಸ್ ಗ್ರೋಯಿಂಗ್!"

ನಾನು ತೆರೆದೆ.

"ಇವರಿಗೆ,
ಮಾನ್ಯ ಮುಖ್ಯಸ್ಥರು,
ದೂರ ಮತ್ತು ವೇಳೆ ವಿಭಾಗ, ಅಂಧೇರಿ.

ವಿಷಯ: ತಮ್ಮ ಮುಂಬೈ–ನೈರೋಬಿ ಪುಟದಲ್ಲಿ ಒಂದು ಸಾಲು ಸೇರಿಸುವ ಕುರಿತು.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಮ್ಮ ಮನೆಯವರು ನೈರೋಬಿಯಲ್ಲಿದ್ದು ತಮ್ಮ ಪುಟವನ್ನು ದಿನಾಲು ಓದುತ್ತಾರೆ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ನಾನು ಹೇಳಿದ್ದನ್ನು ಒಮ್ಮೆಯೂ ಕೇಳಿರುವುದಿಲ್ಲ. ಆದರೆ ತಮ್ಮ ಪುಟ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಆದ್ದರಿಂದ ನೀರು ಕುಡಿಯುವ ಸಾಲಿನ ಕೆಳಗೆ, 'ಎರಡು ವರ್ಷ ಪೂರೈಸಿದ ಪ್ರಯಾಣಿಕರು ಕೂಡಲೇ ಮನೆಗೆ ಮರಳುವುದು ಆರೋಗ್ಯಕ್ಕೆ ಒಳ್ಳೆಯದು' ಎಂಬ ಸಾಲನ್ನು ಸೇರಿಸಿ ಉಪಕರಿಸಬೇಕು. ಯಾರ ಆರೋಗ್ಯಕ್ಕೆ ಎಂದು ಬರೆಯುವ ಅಗತ್ಯ ಇರುವುದಿಲ್ಲ.

ಶನಿವಾರದೊಳಗೆ ಆದರೆ ಅನುಕೂಲ.

ವಿಶೇಷ ಸೂಚನೆ: ಈ ಅರ್ಜಿಯ ವಿಷಯ ಆ ಪುಟ ಬರೆಯುವ ಹುಡುಗಿಗೆ ಯಾವ ಕಾರಣಕ್ಕೂ ತಿಳಿಯಬಾರದು. ಅವಳು ತಾಯಿಗೆ ಹೇಳಿಬಿಡುತ್ತಾಳೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ,
ಸಾಂತಾಕ್ರೂಜ್ ಪೂರ್ವ, ನಾಲ್ಕನೇ ಮಾಳಿಗೆ."

"ಏನು ಕೇಳಿದ್ದಾರೆ?" ಅಂದರು ಸರ್.

"ನೀರಿನ ಬಗ್ಗೆ ಸರ್," ಅಂದೆ.

"ಹಾಂ, ಹೈಡ್ರೇಶನ್. ಉತ್ತರ ಕೊಟ್ಟುಬಿಡು, ಎರಡು ನಿಮಿಷದ ಕೆಲಸ."

ಉತ್ತರ ಕೊಟ್ಟರೆ ಅರ್ಜಿ ಇದ್ದ ಹಾಗೇ ಪುಟದ ಮೇಲೆ ಹೋಗುತ್ತದೆ, ಅವ್ವ ಓದುತ್ತಾಳೆ. ಅಪ್ಪ ಮತ್ತೆ ನನ್ನ ಮುಖ ನೋಡುವುದಿಲ್ಲ. ಅಳಿಸಿದರೆ ಅವ್ವನಿಗೆ ಎಂದೂ ಗೊತ್ತಾಗುವುದಿಲ್ಲ. ಅವರು ಕೇಳಿದ ಆ ಸಾಲನ್ನಷ್ಟೇ ಸೇರಿಸಿದರೆ ಅವ್ವ ಬರಲೂಬಹುದು. ಆದರೆ ಪುಟ ಕರೆಯಿತು ಅಂತ ಬರುತ್ತಾಳೆ, ಅಪ್ಪ ಕರೆದರು ಅಂತ ಅಲ್ಲ. ಮೂರು ಬಟನ್ನುಗಳ ಮೇಲೂ ಬೆರಳು ಇಟ್ಟು ಇಟ್ಟು ತೆಗೆದೆ. ಸಂಜೆ ಕಂಪ್ಯೂಟರ್ ಮುಚ್ಚಿದಾಗ ಅದು ಹಾಗೇ ಇತ್ತು.

ಮನೆಯಲ್ಲಿ ಅಪ್ಪ ಮೆಂತೆ ಸೊಪ್ಪು ಬಿಡಿಸುತ್ತ ಕೂತಿದ್ದರು. ನಾನೂ ಎದುರು ಕೂತು ಒಂದು ಕಟ್ಟು ತೆಗೆದುಕೊಂಡೆ.

"ಯವ್ವಾ, ನಿಮ್ಮ ಆಫೀಸಿಗೆ ಯಾರರ ಅರ್ಜಿ ಹಾಕಿದ್ರ, ಯಾರು ಓದ್ತಾರ?"

"ಮ್ಯಾನೇಜರ್," ಅಂದೆ.

"ಅದ, ಅದ. ನಮ್ಮ ಸ್ಟೋರಿನ್ಯಾಗೂ ಹಂಗ. ಅರ್ಜಿ ಅಂದ್ರ ಸೀದಾ ಸಾಹೇಬ್ರ ಟೇಬಲ್ಲಿಗೆ. ಕೆಳಗಿನವರ ಕೈಗೆ ಕೊಡಬಾರದು."

"ಯಾಕೆ ಅಪ್ಪ?"

"ಏನಿಲ್ಲ. ನಮ್ಮ ಸ್ಟೋರಿನ ದೋಸ್ತ ಒಬ್ಬ ಒಂದು ಅರ್ಜಿ ಹಾಕ್ಯಾನ."

"ಏನಂತ?"

"ನಂಗೇನು ಗೊತ್ತು? ಮಂದಿ ಅರ್ಜಿ ನಾ ಓದ್ತೀನೇನು?" ಅಂದು ಕಡ್ಡಿಗಳನ್ನು ಎಲೆಯ ರಾಶಿಗೂ, ಎಲೆಗಳನ್ನು ಕಸಕ್ಕೂ ಹಾಕತೊಡಗಿದರು. ನಾನು ಸುಮ್ಮನೆ ಕಸದಿಂದ ಎಲೆ ಆರಿಸಿ ಮತ್ತೆ ಈ ಕಡೆ ಇಡುತ್ತ ಹೋದೆ. ಬಹಳ ಹೊತ್ತು ಹೀಗೇ ನಡೆಯಿತು.

"ಒಂದ ಸಾಲಿನ ಕೆಲಸ," ಅಂದರು ಅಪ್ಪ, ಸೊಪ್ಪಿನಿಂದ ತಲೆ ಎತ್ತದೆ. "ಶನಿವಾರದೊಳಗ ಹಾಕಾಕ ಹೇಳವಾ ನಿಮ್ಮ ಸಾಹೇಬ್ರಿಗೆ. ದೋಸ್ತ ಭಾಳ ಕಾಯಾಕ ಹತ್ಯಾನ."